ಬಂದೂಕಿನ ಖೋಡಿಗೆ ಕಿವಿಗೊಡುವ ಇಮಾಮಹುಸೇನ

ಬೆಳಗಾವಿಯ ವಡಗಾವಿಯಲ್ಲಿ ಆಗಷ್ಟೇ ಬೆಳಕು ಹರಿಯುತ್ತಿದೆ. ೧೯೮೬ರ ನವೆಂಬರದ ಚಳಿಗೆ ಓಣಿಯ ನಾಯಿಗಳೂ ಮೈ ಮುದುಡಿಕೊಂಡು ಮಲಗಿವೆ. ನೇಕಾರರ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿವೆ, ಆದರೆ ಮಗ್ಗಗಳಿನ್ನೂ ಎದ್ದಿಲ್ಲ. ಇಮಾಮಹುಸೇನ ಶಿಕಲಗಾರರು ಪೂರ್ವದ ಕಿಟಕಿಯ ಕೆಳಗೆ ಗೋಣಿತಟ್ಟು ಹಾಸಿ, ಅದರ ಮೇಲೆ ಹಳೆಯ ಧೋತರದ ತುಂಡೊಂದನ್ನು ಸುಕ್ಕಿಲ್ಲದಂತೆ ಹರಡಿ, ಒಂದು ಬಂದೂಕನ್ನು ಮಲಗಿಸಿದ್ದಾರೆ. ಕೂಸಿಗೆ ಎಣ್ಣೆ ತಿಕ್ಕಲು ಕುಳಿತ ಅಜ್ಜಿಯ ಹಾಗೆ ಕಾಲು ನೀಡಿಕೊಂಡು ಅದರ ಪಕ್ಕದಲ್ಲಿ ಕುಳಿತಿದ್ದಾರೆ. ಕೈಯಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಇದೆ.

"ಏನಿದ್ರೂ ಈ ಒಂದ ತಾಸಿನ ಆಟರಿ," ಎನ್ನುತ್ತಾರೆ, ತಲೆ ಎತ್ತದೆಯೇ. "ಮಗ್ಗ ಚಾಲೂ ಆದೂ ಅಂದ್ರ ನನ್ನ ಕಿವಿ ಬಂದ್. ಕಣ್ಣೀಲೆ ನೋಡಿ ಅರ್ಧಾ ಕಿಮ್ಮತ್ತ ಹೇಳಬಹುದು. ಉಳಿದ ಅರ್ಧಾ ಕೇಳೇ ಹೇಳಬೇಕು."

ಹಳೆಯ ಬಂದೂಕಿನ ಬೆಲೆಯನ್ನು ಕಿವಿಯಿಂದ ಕಟ್ಟುವುದೆಂದರೆ ಯಾರಿಗಾದರೂ ನಗು ಬರಬಹುದು. ಬೆಳಗಾವಿ, ಖಾನಾಪುರ ಸೀಮೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಖಾನಾಪುರದ ಆಚೆ ಕಾಡಿನ ಅಂಚಿಗೆ ಗದ್ದೆ ಮಾಡಿಕೊಂಡವರಿಗೆ ಹಂದಿಯ ಕಾಟ ಹೊಸದಲ್ಲ. ಬೆಳೆ ಕಾಯಲೆಂದು ಸರ್ಕಾರದ ಪರವಾನಗಿ ಪಡೆದ ಬಂದೂಕುಗಳು ಅಲ್ಲಲ್ಲಿ ಇವೆ. ಅವು ಅಪ್ಪನಿಂದ ಮಗನಿಗೆ, ಒಬ್ಬ ರೈತನಿಂದ ಇನ್ನೊಬ್ಬ ರೈತನಿಗೆ ದಾಟುವಾಗ ಬೆಲೆಯ ಮಾತು ಬರುತ್ತದೆ. ಆಗ ಕೊಡುವವರೂ ಕೊಳ್ಳುವವರೂ ಕಾಗದಪತ್ರ ಹಿಡಿದುಕೊಂಡು ಈ ಓಣಿಗೆ ಬರುತ್ತಾರೆ. ಇಮಾಮಹುಸೇನರ ಮನೆಯ ಬಾಗಿಲ ಮೇಲೊಂದು ಬೋರ್ಡು ಇದೆ. ಮಳೆಗೆ ಬಣ್ಣವೆಲ್ಲ ತೊಳೆದುಹೋಗಿ 'ದುರಸ್ತಿ' ಎಂಬ ಶಬ್ದವೊಂದೇ ಉಳಿದಿದೆ. ಹೊಸದಾಗಿ ಬರೆಸಿ ಎಂದರೆ, ಬರುವವರಿಗೆ ಮನೆ ಗೊತ್ತು, ಬಾರದವರು ಓದಿ ಏನು ಮಾಡುತ್ತಾರೆ ಎನ್ನುತ್ತಾರೆ.

ಬೆಲೆ ಹೇಳುವುದು ಅವರ ಹೊಟ್ಟೆಪಾಡೇನಲ್ಲ. ಅವರು ಪರವಾನಗಿ ಇರುವ ದುರಸ್ತಿಗಾರರು. ತಿಂಗಳಿಗೆ ಐದಾರು ಬಂದೂಕು ರಿಪೇರಿಗೆ ಬಂದರೆ ಅದೇ ಹೆಚ್ಚು. ದಿನದ ರೊಟ್ಟಿ ಹುಟ್ಟುವುದು ನೇಕಾರರ ಕತ್ತರಿಗಳಿಗೆ ಸಾಣೆ ಹಿಡಿಯುವುದರಿಂದ, ಕೆಟ್ಟ ಬೀಗ ತೆಗೆಯುವುದರಿಂದ, ಮಗ್ಗದ ಸಣ್ಣಪುಟ್ಟ ಕಬ್ಬಿಣದ ಭಾಗಗಳನ್ನು ಅರ ತಿಕ್ಕಿ ಕೂರಿಸುವುದರಿಂದ. ಹೆಂಡತಿ ಶಾಹಜಾನಬಿ ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಚರಕ ತಿರುಗಿಸಿ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾರೆ. ಬಂದೂಕಿನ ಬೆಲೆ ಕಟ್ಟಿದ್ದಕ್ಕೆ ಇಮಾಮಹುಸೇನರು ಒರೆಸಿ ತೊಳೆದ ಕೂಲಿಯನ್ನಷ್ಟೇ ತೆಗೆದುಕೊಳ್ಳುತ್ತಾರೆ, ಅದನ್ನೂ ಇಬ್ಬರಿಂದ ಅರ್ಧರ್ಧ. ನೂರಕ್ಕೆ ಇಷ್ಟು ಎಂದು ದಲಾಲಿ ಹಿಡಿಯಬಾರದೇ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಿದೆ.

"ನೂರಕ್ಕ ಇಷ್ಟ ಅಂತ ತೊಗೊಂಡ್ರ, ಬಾಯಾಗ ಕಿಮ್ಮತ್ತ ತಾನ ಬೆಳೀತೈತ್ರಿ. ನಾಲಗಿ ನಂದ ಇದ್ರೂ ಅದರ ಮ್ಯಾಲ ನನಗ ಭರೋಸಾ ಇಲ್ಲ."

ಈ ಮಾತಿಗೆ ಮೂಲೆಯಿಂದ ಶಾಹಜಾನಬಿ ನಗುತ್ತಾರೆ. ಮನೆಯಲ್ಲಿ ಅವರಿಬ್ಬರ ಮಾತು ದಖನಿಯಲ್ಲಿ, ಬಂದವರ ಎದುರು ಕನ್ನಡದಲ್ಲಿ. ಗಂಡನನ್ನು ಛೇಡಿಸಲು ಮಾತ್ರ ಅವರಿಗೆ ಕನ್ನಡವೇ ಬೇಕು, ಯಾಕೆಂದರೆ ನಾಲ್ಕು ಜನರಿಗೆ ತಿಳಿಯದಿದ್ದರೆ ಛೇಡಿಸಿ ಏನು ಬಂತು?

ಈಗ ಗೋಣಿತಟ್ಟಿನ ಮೇಲಿರುವುದು ಈ ಸೀಮೆಯಲ್ಲಿ ಅಪರೂಪದ ಸರಕು. ಇಲ್ಲಿಯವರಿಗೆ ಗೊತ್ತಿರುವುದು ಒಂಟಿನಳಿಗೆ, ಜೋಡುನಳಿಗೆ. ಇದು ಪರದೇಶದ ಪಂಪ್ ಬಂದೂಕು. ನಳಿಗೆ ಒಂದೇ. ಅದರ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ಸಾಲಾಗಿ ಕೂರುವ ತೋಟಾಗಳು, ಕೊಳವೆಯ ಮೇಲೆ ಕಟ್ಟಿಗೆಯ ಹಿಡಿ. ಹಿಡಿಯನ್ನು ಹಿಂದಕ್ಕೆ ಜಗ್ಗಿದರೆ ಹಾರಿಸಿದ ತೋಟಾ ಹೊರಗೆ ಬೀಳುತ್ತದೆ, ಮುಂದಕ್ಕೆ ನೂಕಿದರೆ ಹೊಸದು ಒಳಗೆ ಹೋಗಿ ಕೂರುತ್ತದೆ. ದೇಸೂರಿನ ಬಾಪುಸಾಹೇಬ ಎಂಬ ಜೈನ ರೈತರದು ಈ ಬಂದೂಕು. ಅವರು ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡರು. ಬಂದೂಕು ಮಾರಲು ಅವರ ಹೆಂಡತಿ ಸುಂದರಾಬಾಯಿಗೆ ಪರವಾನಗಿ ಕಚೇರಿಯವರು ಒಮ್ಮೆ ಗಡುವು ಕೊಟ್ಟರು, ಆಮೇಲೆ ಅದನ್ನು ಮುಂದಕ್ಕೂ ಹಾಕಿದರು. ಬರುವ ಸೋಮವಾರಕ್ಕೆ ಅದೂ ಮುಗಿಯುತ್ತದೆ. ಅಷ್ಟರಲ್ಲಿ ಯಾರಿಗಾದರೂ ಕೊಡದಿದ್ದರೆ ಬಂದೂಕು ಠಾಣೆಯ ಕೋಣೆ ಸೇರುತ್ತದೆ. ಹೋದ ವರ್ಷ ಚುನಾವಣೆ ಬಂದಾಗ ಹಾಗೆ ಠಾಣೆಗೆ ಹೋದ ಬಂದೂಕುಗಳು ಮೂಲೆಯಲ್ಲಿ ಒಂದಕ್ಕೊಂದು ಒರಗಿ, ಮೈ ತರಚಿಕೊಂಡು ಬಂದದ್ದನ್ನು ಇಮಾಮಹುಸೇನರು ತಾವೇ ನೋಡಿದ್ದಾರೆ. ವಾರಸುದಾರರೇ ಇಲ್ಲದ ಬಂದೂಕಿನ ಗತಿ ಕೇಳುವುದೇ ಬೇಡ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಗುತ್ತದೆ. ನಸುಗೆಂಪು ಅಂಚಿನ ಬಿಳಿ ಸೀರೆಯ ಸೆರಗು ಹೊದ್ದುಕೊಂಡು ಸುಂದರಾಬಾಯಿ ಒಳಗೆ ಬರುತ್ತಾರೆ. ನಿನ್ನೆ ಬಂದೂಕು ತಂದೊಪ್ಪಿಸಿ, ರಾತ್ರಿ ಇದೇ ಊರಲ್ಲಿರುವ ತಂಗಿಯ ಮನೆಯಲ್ಲಿ ಉಳಿದಿದ್ದರು. ಅವರ ಹಿಂದೆಯೇ ಕೊಳ್ಳುವ ಗಿರಾಕಿ ಸಿದರಾಯ. ಖಾನಾಪುರದ ಆಚೆಯ ಕಾಡಂಚಿನ ಹಳ್ಳಿಯವನು, ಮೂವತ್ತರ ಆಸುಪಾಸಿನವನು. ವಸತಿಗೆ ಯಾಕೆ ಖರ್ಚು ಎಂದು ರೈಲು ನಿಲ್ದಾಣದ ಕಟ್ಟೆಯ ಮೇಲೇ ಮಲಗಿ ಬಂದಿದ್ದಾನೆ. ಅವನ ಗದ್ದೆಯಲ್ಲಿ ಭತ್ತ ಹಣ್ಣಾಗಿ ನಿಂತಿದೆ. ಹೊಸ ಪರವಾನಗಿ ಕಿಸೆಯಲ್ಲಿದೆ.

"ಕುಂದರ್ರಿ ವೈನಿ," ಎಂದು ಅತ್ತಿಗೆಯನ್ನು ಕರೆದಂತೆ ಸುಂದರಾಬಾಯಿಗೆ ಹೇಳುತ್ತಾರೆ ಇಮಾಮಹುಸೇನ. "ನೀನೂ ಕುಂದರ ತಮ್ಮಾ. ಬಂದೂಕ ಇನ್ನಾ ಬಾಯಿ ಬಿಟ್ಟಿಲ್ಲ."

ಬಾಯಿ ಬಿಟ್ಟಿಲ್ಲ ಎನ್ನುವುದು ಖರೆ. ನಿನ್ನೆ ಸಂಜೆ ಇದು ಬಂದಾಗ ಹಿಡಿ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಸಿದರಾಯನಂತೂ ಎರಡೂ ಮೊಣಕಾಲಿನ ನಡುವೆ ಇರುಕಿಸಿಕೊಂಡು ಜಗ್ಗಿ ನೋಡಿ, "ತುಕ್ಕ ತಿಂದ ಸತ್ತೈತಿ ಚಾಚಾ ಇದು," ಎಂದು ತೀರ್ಪು ಕೊಟ್ಟುಬಿಟ್ಟಿದ್ದ. ಇಮಾಮಹುಸೇನರು ಸಂದಿಯಲ್ಲಿ ಉಗುರು ಹಾಕಿ ಕೆರೆದು, ಬಂದದ್ದನ್ನು ಮೂಗಿಗೆ ಹಿಡಿದರು. ಆಮೇಲೆ ಸುಂದರಾಬಾಯಿಯ ಮುಖ ನೋಡಿದರು.

"ವೈನಿ, ಇದರಾಗ ಏನ ಹಾಕೀರಿ?"

"ಕುಸುಬಿ ಎಣ್ಣಿ," ಎಂದರು ಸುಂದರಾಬಾಯಿ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂಬಂತೆ. "ದಸರಾದಾಗ ಖಂಡೇಪೂಜಿ ದಿನಾ ನಮ್ಮ ಮನ್ಯಾವ್ರು ಎಣ್ಣಿ ಹಾಕ್ತಿದ್ರಲ್ಲ. ಅವರ ಹೋದಮ್ಯಾಲ ಎರಡ ಪೂಜಿ ಆದೂ. ಎರಡೂ ಸಲ ನಾನ ಹಾಕೀನಿ, ಕೈ ಹಿಡೀಲಿಲ್ಲ. ಒಣಾ ಬಿಡಬ್ಯಾಡ್ರಿ ಅಂತ ನೀವ ಹೇಳ್ತಿದ್ರಿ."

ಬಾಪುಸಾಹೇಬರು ಹಾಕುತ್ತಿದ್ದದ್ದು ಇದೇ ಇಮಾಮಹುಸೇನರು ಕೊಟ್ಟ ಮಷಿನ್ ಎಣ್ಣೆ. ಅದೂ ಎರಡೇ ಹನಿ. ಸುಂದರಾಬಾಯಿ ಒಗ್ಗರಣೆಯ ಎಣ್ಣೆಯನ್ನು ಸೌಟಿನಲ್ಲಿ ಹುಯ್ದಿದ್ದಾರೆ, ದೇವರ ದೀಪಕ್ಕೆ ಹಾಕುವಷ್ಟೇ ಭಕ್ತಿಯಿಂದ. ಕುಸುಬಿ ಎಣ್ಣೆ ಗಾಳಿಗೆ ಕುಳಿತರೆ ಮೊದಲು ಜಿಗುಟಾಗುತ್ತದೆ, ಆಮೇಲೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಬಂದೂಕು ಹಲ್ಲು ಕಚ್ಚಿಕೊಂಡು ಕುಳಿತಿದೆ. ಇಮಾಮಹುಸೇನರು ನಿನ್ನೆ ಸಂಜೆಯೇ ಸಂದಿಗಳಿಗೆ ಸೀಮೆಎಣ್ಣೆ ಉಣಿಸಿ, ಅರಿವೆ ಸುತ್ತಿ ಇಟ್ಟಿದ್ದಾರೆ. ಈಗ ಅದನ್ನು ಬಿಚ್ಚಿ, ಬೆಚ್ಚಗಿನ ಬೂದಿಯಲ್ಲಿ ಕಾಯಿಸಿದ ಚಪ್ಪಟೆ ಕಬ್ಬಿಣವನ್ನು ಅರಿವೆಯ ಮೇಲಿಂದ ಒತ್ತುತ್ತ, ಒಂದೊಂದೇ ಸಂದಿಯನ್ನು ಒರೆಸುತ್ತಿದ್ದಾರೆ. ಜಗ್ಗುವುದಿಲ್ಲ, ಬಡಿಯುವುದಿಲ್ಲ.

ಶಿಕಲಗಾರ ಎಂದರೆ ಹತಾರಗಳಿಗೆ ಸಾಣೆ ಹಿಡಿಯುವವನು. ಇಮಾಮಹುಸೇನರ ಅಜ್ಜ ದೇಸಗತಿಯ ವಾಡೆಯೊಂದರಲ್ಲಿ ಕತ್ತಿ, ಭರ್ಚಿ ಹೊಳೆಸುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಕತ್ತಿಗಳೆಲ್ಲ ಗೋಡೆ ಸೇರಿ, ಅಡಿಗೆಮನೆಯ ಈಳಿಗೆ, ಕುಡಗೋಲು ಉಳಿದವು. ಹದಿನಾರು ವಯಸ್ಸಿಗೆ ಇಮಾಮಹುಸೇನರು ದಂಡು ಪ್ರದೇಶವಾದ ಕ್ಯಾಂಪಿನ ಒಂದು ಬಂದೂಕಿನ ಅಂಗಡಿಗೆ ಕೆಲಸಕ್ಕೆ ಸೇರಿದರು. ನಳಿಗೆ ಒರೆಸುವುದು, ತಿರುಪು ಬಿಚ್ಚುವುದು, ದುರಸ್ತಿಯಾದ ಬಂದೂಕನ್ನು ಹಾರಿಸಿ ನೋಡುವುದು. ಈ ಕೊನೆಯ ಕೆಲಸ ಅವರ ಎಡಗಿವಿಯನ್ನು ತಿಂದುಹಾಕಿತು. ಆ ಕಡೆಯಿಂದ ಈಗ ಸಂತೆಯ ಗದ್ದಲವೂ ದೂರದ ಮಾತಿನ ಹಾಗೆ ಕೇಳಿಸುತ್ತದೆ. ಅಂಗಡಿ ಮುಚ್ಚಿದ ಮೇಲೆ, ಬಾಡಿಗೆ ಅಗ್ಗವೆಂದು ವಡಗಾವಿಗೆ ಬಂದರು. ಒಂದೇ ಕಿವಿಯವನು ಮಗ್ಗಗಳ ಓಣಿಯಲ್ಲಿ ಮನೆ ಮಾಡಿದ್ದು ನೋಡಿ ನಗಬೇಕೋ ಅಳಬೇಕೋ ಎಂದು ಶಾಹಜಾನಬಿಗೆ ಇನ್ನೂ ತಿಳಿದಿಲ್ಲ.

"ಎಡಗಡೀ ನಿಂತ ಬೈತೀನಿ, ಕೇಳಿಸೂದಿಲ್ಲ ಅಂತಾರ," ಎನ್ನುತ್ತಾರೆ ಅವರು. "ಬಲಗಡೀ ನಿಂತ ಬೈದ್ರೂ ಅದ ಹೇಳ್ತಾರ."

ಬಾಪುಸಾಹೇಬರ ಪರಿಚಯ ಆ ಕ್ಯಾಂಪಿನ ಅಂಗಡಿಯ ಕಾಲದ್ದು. ಈ ಪಂಪ್ ಬಂದೂಕನ್ನು ಅವರು ಕೊಂಡಾಗ ಬಿಚ್ಚಿ ಒರೆಸುವುದನ್ನು ಕಲಿಸಿಕೊಟ್ಟವರು ಇಮಾಮಹುಸೇನ. ಅಂದಿನಿಂದ ಪ್ರತಿ ವರ್ಷ ಖಂಡೇಪೂಜೆಯ ಹಿಂದಿನ ವಾರ ಅವರು ರೈಲು ಹತ್ತಿ ದೇಸೂರಿಗೆ ಹೋಗುತ್ತಿದ್ದರು, ಬಂದೂಕು ಬಿಚ್ಚಿ ಒರೆಸಿ ಕೂರಿಸುತ್ತಿದ್ದರು, ಸುಂದರಾಬಾಯಿ ಬಡಿಸಿದ ಊಟ ಮಾಡಿ, ಸಂಜೆ ಗಾಡಿಗೆ ಮರಳುತ್ತಿದ್ದರು. ಬಾಪುಸಾಹೇಬರು ತೀರಿಕೊಂಡ ವರ್ಷದಿಂದ ಅದು ನಿಂತುಹೋಯಿತು. ಗೆಳೆಯನಿಲ್ಲದ ಮನೆಗೆ ಹೋಗಿ ಅವನ ಬಂದೂಕು ಬಿಚ್ಚಲು ತನಗೆ ಮನಸ್ಸಾಗಲಿಲ್ಲ ಎನ್ನುತ್ತಾರೆ ಇಮಾಮಹುಸೇನ.

"ಒಂದ ಹಕ್ಕೀಗೂ ಹೊಡದಾವ್ರಲ್ಲ ಅವರು," ಎಂದು ಸುಂದರಾಬಾಯಿ ಸಿದರಾಯನಿಗೆ ಹೇಳುತ್ತಾರೆ. "ಆಕಾಶಕ್ಕ ಹಾರಸ್ತಿದ್ರು. ಸಪ್ಪಳ ಕೇಳಿ ಹಂದಿ ಓಡಿ ಹೋಗ್ತಿದ್ದೂ. ಅಷ್ಟಕ್ಕೂ ಮನ್ಯಾಗ ಬಂದ ಕ್ಷಮಾ ಕೇಳ್ತಿದ್ರು, ಯಾರಿಗೆ ಅಂತ ನನಗ ಗೊತ್ತಿಲ್ಲ."

ಬಂದೂಕಿನಿಂದ ಬರುವ ದುಡ್ಡು ಸುಂದರಾಬಾಯಿಗೆ ಮನೆ ಖರ್ಚಿಗಲ್ಲ. ಬಾಪುಸಾಹೇಬರು ಬೇಸಿಗೆಯಲ್ಲಿ ದೇಸೂರ ಸ್ಟೇಶನ್ನಿನ ಹೊರಗೆ ಬೇವಿನ ಮರದ ಕೆಳಗೆ ಮಣ್ಣಿನ ಹರವಿಯೊಂದನ್ನು ಇಟ್ಟುಕೊಂಡು, ಗಾಡಿ ಇಳಿದವರಿಗೆ ನೀರು ಕೊಡುತ್ತಿದ್ದರು. ಅದೇ ಜಾಗದಲ್ಲಿ ಕಲ್ಲಿನ ಕಟ್ಟೆ ಕಟ್ಟಿ, ಹಂಚು ಹೊದಿಸಿ, ಅವರ ಹೆಸರಿನಲ್ಲಿ ಅರವಟ್ಟಿಗೆ ಮಾಡಬೇಕೆಂಬುದು ಆಕೆಯ ಆಸೆ. ಕಲ್ಲು ಕಟ್ಟುವ ಗೌಂಡಿಯನ್ನು ಕರೆಸಿ ಲೆಕ್ಕ ಹಾಕಿಸಿದ್ದಾರೆ. ಬಂದೂಕಿಗೆ ಒಳ್ಳೆಯ ಬೆಲೆ ಬಂದರೆ ಹಂಚಿನವರೆಗೂ ಮುಟ್ಟುತ್ತದೆ. ಇದೆಲ್ಲ ಇಮಾಮಹುಸೇನರಿಗೆ ಗೊತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ಅವರ ಮುಖವೇ ಹೇಳುತ್ತದೆ.

ಬೆಲೆಯ ಮಾತು ತೆಗೆಯುವವನು ಸಿದರಾಯನೇ. ಹೆಗಲ ಮೇಲಿನ ಟವೆಲು ತೆಗೆದು ಇಮಾಮಹುಸೇನರ ಕೈ ಮೇಲೆ ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸುತ್ತಾನೆ. ಎತ್ತಿನ ಪೇಟೆಯ ಪದ್ಧತಿ ಇದು. ಸುತ್ತ ನಿಂತವರಿಗೆ ತಿಳಿಯದ ಹಾಗೆ ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಇಮಾಮಹುಸೇನರು ಬೆಚ್ಚಿ ಕೈ ಎಳೆದುಕೊಳ್ಳುತ್ತಾರೆ. ಶಾಹಜಾನಬಿ ಚರಕ ನಿಲ್ಲಿಸಿ ಬಾಯಿಗೆ ಸೆರಗು ಹಿಡಿಯುತ್ತಾರೆ.

"ಕೈ ತಗೀ ತಮ್ಮಾ! ಇಲ್ಲಿ ಮುಚ್ಚಿ ಹೇಳೂ ಕಿಮ್ಮತ್ತಿಲ್ಲ. ಮೊದಲ ಖೋಡಿ ಹೇಳ್ತೀನಿ. ಆಮ್ಯಾಲ ಚಲೋದ ಹೇಳ್ತೀನಿ. ಕಡೀಕ ಕಿಮ್ಮತ್ತ. ಇಬ್ಬರೂ ಕುಂತಿರಬೇಕು, ಇಬ್ಬರಿಗೂ ಕೇಳಬೇಕು."

ಖೋಡಿ ಎಂದರೆ ಊನ. ಅದನ್ನು ಮೊದಲು ಹೇಳುವುದು ಅವರ ಕಟ್ಟಳೆ. ಒಳ್ಳೆಯದನ್ನು ಮೊದಲು ಹೇಳಿದರೆ ಮಾರುವವರ ಆಸೆ ಚಾವಣಿ ಮುಟ್ಟುತ್ತದೆ, ಆಮೇಲೆ ಖೋಡಿ ಹೇಳಿದಾಗ ಕೆಳಗೆ ಬೀಳುತ್ತದೆ, ಬಿದ್ದದ್ದಕ್ಕೆ ಪೆಟ್ಟು ಹೆಚ್ಚು. ಸಿದರಾಯ ಟವೆಲು ಹೆಗಲಿಗೇರಿಸಿಕೊಂಡು, ಸೋಲೊಪ್ಪದೆ, ಇನ್ನೊಂದು ದಾರಿಯಿಂದ ಬರುತ್ತಾನೆ.

"ಆತ ಬಿಡ್ರಿ ಚಾಚಾ. ಖರೇ ನೀವ ಹೇಳ್ರಿ, ಒಂದ ನಳಗಿ ಐತಿ. ಜೋಡನಳಗಿಗಿಂತ ಜಾಸ್ತಿ ಹ್ಯಾಂಗ ಆಗತೈತಿ? ಒಂದ ಎತ್ತಿಗೆ ಜೋಡೆತ್ತಿನ ರೊಕ್ಕ ಯಾರರೆ ಕೊಡ್ತಾರೇನು?"

"ಎತ್ತ ಅಲ್ಲೋ ಇದು. ನಳಗಿ ಒಂದ, ಖರೇ. ಹೊಟ್ಯಾಗ ಐದ ತೋಟಾ ಕುಂದರ್ತಾವ. ಹೊರಗಿನ ಮಾಲ ಈಗ ಬರೂದು ಬಂದ್ ಆಗೇತಿ, ಅದಕ್ಕ ಕಿಮ್ಮತ್ತ ಏರ್ತೈತಿ. ಮುರದ್ರ ಬಿಡಿ ಸಾಮಾನ ಸಿಗೂದಿಲ್ಲ, ಅದಕ್ಕ ಇಳೀತೈತಿ. ಏರಿದ್ದ ಎಷ್ಟು, ಇಳದದ್ದ ಎಷ್ಟು, ಅದನ್ನ ನೋಡಾಕ ನಾ ಕುಂತೀನಿ."

ಮಾತಾಡುತ್ತಲೇ ಅವರ ಕೈ ನಡೆದಿದೆ. ಕಾಗದದ ಮೇಲಿನ ನಂಬರು, ಬಂದೂಕಿನ ಮೇಲೆ ಕೊರೆದ ನಂಬರು ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡುತ್ತಾರೆ. ತಿರುಪುಗಳ ತಲೆಗಳನ್ನು ಬೆರಳ ತುದಿಯಿಂದ ಸವರುತ್ತಾರೆ. ತಿರುಪಿನ ತಲೆ ಕಿತ್ತಿದ್ದರೆ ಅರೆಬರೆ ಕಲಿತವನ ಕೈ ಒಳಗೆ ಹೋಗಿದೆ ಎಂದರ್ಥ, ಅಲ್ಲಿಂದ ಮುಂದೆ ಯಾವುದನ್ನೂ ನಂಬುವಂತಿಲ್ಲ. ಹಿಂಬದಿಯ ಕಟ್ಟಿಗೆಯಲ್ಲಿ ಕುತ್ತಿಗೆಯ ಹತ್ತಿರ ಬಿರುಕಿದೆಯೇ ಎಂದು ಸ್ವಲ್ಪ ತಿರುಚಿ ನೋಡುತ್ತಾರೆ. ಅಷ್ಟು ಹೊತ್ತಿಗೆ ಹಿಡಿ ಒಂದು ಬೆರಳಿನಷ್ಟು ಸರಿಯುತ್ತದೆ. ಇನ್ನಷ್ಟು ಒರೆಸಿ, ಇನ್ನಷ್ಟು ಕಾದು, ಒಂದೇ ಹದದಲ್ಲಿ ಜಗ್ಗುತ್ತಾರೆ. ಹಳೆಯ ಬಾಗಿಲು ತೆರೆದ ಹಾಗೆ ಬಂದೂಕು ತೆರೆದುಕೊಳ್ಳುತ್ತದೆ.

ನಳಿಗೆಯನ್ನು ತಿರುಗಿಸಿ ಬಿಚ್ಚಿ, ಅರಿವೆ ಕಟ್ಟಿದ ಸಲಾಕೆಯನ್ನು ಅದರೊಳಗೆ ಓಡಿಸುತ್ತಾರೆ. ಕಂದು ಬಣ್ಣದ ಅಂಟು ಬರುತ್ತದೆ. ಎರಡನೆಯ ಅರಿವೆಯೂ ಕಂದು. ಮೂರನೆಯದು ಮಾಸಲು. ಆಮೇಲೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಒಳಗೆ ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಎಲ್ಲಿ ಒಂದು ಉಂಗುರ ಸೊಟ್ಟಗಾಗಿದೆಯೋ ಅಲ್ಲಿ ನಳಿಗೆ ಉಬ್ಬಿದೆ ಎಂದು ಲೆಕ್ಕ. ಅವರು ಬಹಳ ಹೊತ್ತು ನೋಡಿ, ಖುಷಿಯಲ್ಲಿ ತಮ್ಮ ಕಟ್ಟಳೆಯನ್ನೇ ಮರೆತು, ನಳಿಗೆಯನ್ನು ಸಿದರಾಯನ ಕೈಗೆ ಕೊಡುತ್ತಾರೆ.

"ನೋಡು. ಹೊಸಾ ಮದುಮಗಳ ಬಳಿ ಇದ್ದಂಗ ಐತಿ. ವೈನಿ ಎಣ್ಣಿ ಹಾಕಿ ಕೆಡಸ್ಯಾರ ಅಂತ ತಿಳದಿ. ಆ ಎಣ್ಣಿನ ಮಳಿಗಾಲದಾಗ ಇದಕ್ಕ ಹೊದಿಕಿ ಆಗೇತಿ. ಒಣಾ ಬಿಟ್ಟಿದ್ರ ನೀ ಅಂದಂಗ ತುಕ್ಕ ತಿಂತಿತ್ತು."

ಸುಂದರಾಬಾಯಿಯ ಮುಖ ಅರಳುತ್ತದೆ. ನಿನ್ನೆಯಿಂದ ತಪ್ಪು ಮಾಡಿದ ಮಗುವಿನ ಹಾಗೆ ಕುಳಿತಿದ್ದವರು ಈಗ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಹಂಚಿನ ಅರವಟ್ಟಿಗೆ ಅವರ ಕಣ್ಣಮುಂದೆ ಬಂದು ನಿಂತಿರಬೇಕು.

ಇಷ್ಟಕ್ಕೇ ಬೆಲೆ ಹೇಳಿಬಿಟ್ಟಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಕಿವಿಯ ಪಾಲು ಉಳಿದಿದೆ. ಇಮಾಮಹುಸೇನರು ಬಿಡಿಭಾಗಗಳನ್ನು ಒರೆಸಿ ಜೋಡಿಸುವಷ್ಟರಲ್ಲಿ ಹೊತ್ತು ಏರಿದೆ. ಎದುರು ಮನೆಯ ನೇಕಾರ ಗುರುಪುತ್ರಪ್ಪ ಮಗ್ಗದ ಮುಂದೆ ಬಂದು ನಿಂತದ್ದು ಕಿಟಕಿಯಿಂದ ಕಾಣುತ್ತದೆ. ಇಮಾಮಹುಸೇನರು ಕೂಗುತ್ತಾರೆ.

"ಗುರುಪುತ್ರಪ್ಪಾ, ಒಂದ ಹತ್ತ ಮಿನಿಟ ತಡೀಯೋ ಯಪ್ಪಾ!"

ಗುರುಪುತ್ರಪ್ಪ ಕರೆಂಟಿನ ಗುಂಡಿಯ ಮೇಲಿನ ಕೈ ತೆಗೆದು ಓಣಿಗೆ ಬರುತ್ತಾನೆ. ಇಂಥ ಬೆಳಗು ಅವನಿಗೆ ಹೊಸದಲ್ಲ. ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಈ ತುದಿಯಿಂದ ಆ ತುದಿಗೆ ಮುಟ್ಟುವಂತೆ ಸಾರುತ್ತಾನೆ. "ಏ, ಯಾರೂ ಮಗ್ಗ ಹಚ್ಚಬ್ಯಾಡ್ರಿ! ಮಾಮಾನ ಬಂದೂಕ ಮಾತಾಡಾಕತ್ತೈತಿ!" ಆಮೇಲೆ ಕಿಟಕಿಗೆ ಬಂದು ಮೊಣಕೈ ಊರಿ ನಿಂತು, "ನಿಮ್ಮ ಸಲವಾಗಿ ಇವತ್ತಿನ ಸೀರಿ ಒಂದ ಗೇಣ ಗಿಡ್ಡ ಆತ ನೋಡ್ರಿ ಮಾಮಾ," ಎಂದು ನಗುತ್ತಾನೆ. ಆಗಲೇ ಶುರುವಾಗಿದ್ದ ದೂರದ ಮಗ್ಗವೊಂದು ನಾಲ್ಕು ಸಲ ಬಡಿದು ನಿಲ್ಲುತ್ತದೆ. ಓಣಿಗೆ ಓಣಿಯೇ ಸುಮ್ಮನಾಗುತ್ತದೆ. ಕೂಲಿಯ ಮೇಲೆ ಬದುಕುವ ಜನ, ಒಂದೊಂದು ನಿಮಿಷಕ್ಕೂ ಬೆಲೆ ಇರುವವರು, ತಮಗೆ ಸಂಬಂಧವಿಲ್ಲದ ಬಂದೂಕಿಗಾಗಿ ಕೈ ಕಟ್ಟಿ ನಿಲ್ಲುತ್ತಾರೆ. ಇದನ್ನು ಕಂಡಾಗ ಮನಸ್ಸು ತುಂಬಿ ಬರುತ್ತದೆ.

ಇಮಾಮಹುಸೇನರು ತಾವೇ ಕಡೆದ ಕಟ್ಟಿಗೆಯ ತೋಟಾಗಳನ್ನು ಕೊಳವೆಗೆ ತುಂಬುತ್ತಾರೆ. ಅವುಗಳಲ್ಲಿ ಮದ್ದಿಲ್ಲ, ಭಯವಿಲ್ಲ. ಕಣ್ಣು ಮುಚ್ಚಿ, ಬಂದೂಕನ್ನು ಬಲಗಿವಿಯ ಹತ್ತಿರ ತಂದು, ಹಿಡಿಯನ್ನು ಜಗ್ಗಿ ನೂಕುತ್ತಾರೆ. ತೋಟಾ ಏಳುತ್ತದೆ, ಒಳಗೆ ಹೋಗುತ್ತದೆ, ಬಾಯಿ ಮುಚ್ಚುತ್ತದೆ. ಸಿದರಾಯನಿಗೆ ಅದು ಸೊಗಸಾದ ಸದ್ದು. ಅವನು ಆಗಲೇ ಗದ್ದೆ ಕಾಯುವ ಮಾಳದ ಮೇಲೆ ನಿಂತವನಂತೆ ನಗುತ್ತಿದ್ದಾನೆ. ಗುರುಪುತ್ರಪ್ಪನೂ ತಲೆದೂಗುತ್ತಾನೆ. ಇಮಾಮಹುಸೇನರು ಮಾತ್ರ ಕಣ್ಣು ತೆರೆಯುವುದಿಲ್ಲ. ಇನ್ನೊಮ್ಮೆ ಜಗ್ಗಿ ನೂಕುತ್ತಾರೆ. ಅವರ ಹುಬ್ಬು ಗಂಟಿಕ್ಕುತ್ತದೆ.

ಬಾಯಿ ಮುಚ್ಚಿದ ಮೇಲೆ ಒಳಗಿನ ಬೀಗ ಕ್ಲಿಕ್ ಎಂದು ಒಂದೇ ಸಲ ಕೂರಬೇಕು. ಇಲ್ಲಿ ಅದರ ಬೆನ್ನಿಗೇ ಇನ್ನೊಂದು ಸದ್ದಿದೆ. ಸದ್ದು ಎನ್ನುವುದೂ ಹೆಚ್ಚಾಯಿತು, ಅಕ್ಕಿಯ ಕಾಳು ಮೊರಕ್ಕೆ ಬಿದ್ದಷ್ಟು. ಬೀಗದ ತುಂಡು ಸವೆದಿದೆ. ಕೂತ ಹಾಗೆ ಮಾಡಿ ಒಂದು ಕೂದಲಿನಷ್ಟು ಹಿಂದೆ ಸರಿಯುತ್ತದೆ. ಇವತ್ತು, ನಾಳೆ ಏನೂ ಆಗಲಿಕ್ಕಿಲ್ಲ. ಸವೆಯುತ್ತ ಹೋದರೆ ಒಂದು ದಿನ ಹಾರಿಸುವವನ ಮುಖದ ಮುಂದೆಯೇ ಬಾಯಿ ಬಿಟ್ಟೀತು.

ಇದು ಕೋಣೆಯಲ್ಲಿದ್ದ ಯಾರಿಗೂ ಕೇಳಿಸಿಲ್ಲ. ಇಮಾಮಹುಸೇನರಿಗೆ ಅದು ಗೊತ್ತು. ಬಂದೂಕನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಎದುರಿಗೆ ಗೆಳೆಯನ ಹೆಂಡತಿ, ಇಷ್ಟು ವರ್ಷ ಅನ್ನ ಬಡಿಸಿದ ಕೈ. ಈಚೆಗೆ ನಿನ್ನೆ ಕಂಡ ಗಿರಾಕಿ.

"ಮಗ್ಗ ಹಚ್ಚಲೇನ್ರಿ ಮಾಮಾ?" ಎಂದು ಗುರುಪುತ್ರಪ್ಪ ಕೇಳುತ್ತಾನೆ.

ಹೂಂ ಎಂದರೆ ಸಾಕು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದು, ಆ ಸಣ್ಣ ಸದ್ದನ್ನು ಇಡೀ ದಿನ ಮುಚ್ಚಿಬಿಡುತ್ತವೆ. ಇಮಾಮಹುಸೇನರು ತಲೆ ಅಲ್ಲಾಡಿಸುತ್ತಾರೆ.

"ತಡಿ. ಇವರಿಬ್ಬರಿಗೂ ಕೇಳಸಬೇಕು."

ಸುಂದರಾಬಾಯಿಯನ್ನೂ ಸಿದರಾಯನನ್ನೂ ಹತ್ತಿರ ಕರೆದು, ಒಬ್ಬೊಬ್ಬರ ಕಿವಿಗೂ ಬಂದೂಕು ಹಿಡಿದು, ಎಲ್ಲಿ ಕೇಳಬೇಕೆಂದು ಬೆರಳಿನಿಂದ ತೋರಿಸಿ, ನಿಧಾನವಾಗಿ ಜಗ್ಗಿ ನೂಕುತ್ತಾರೆ. ಸಿದರಾಯನಿಗೆ ಮೂರನೆಯ ಸಲ ಕೇಳಿಸುತ್ತದೆ. ಅವನ ನಗು ಇಳಿಯುತ್ತದೆ. ಸುಂದರಾಬಾಯಿಗೆ ಕೇಳಿಸುವುದೇ ಇಲ್ಲ. ಆದರೂ ಇಮಾಮಹುಸೇನರ ಮುಖ ನೋಡಿ ಆಕೆಗೆ ತಿಳಿಯುತ್ತದೆ.

ಗುರುಪುತ್ರಪ್ಪನಿಗೆ ಈಗ ಅಪ್ಪಣೆಯಾಗುತ್ತದೆ. ಓಣಿಯ ತುಂಬ ಮಗ್ಗಗಳ ಬಡಿತ ಶುರುವಾಗುತ್ತದೆ. ಅದನ್ನು ಮೀರಿಸಿ ಇಮಾಮಹುಸೇನರು ಗಂಟಲೆತ್ತಿ ಖೋಡಿ ಹೇಳುತ್ತಾರೆ. ಬೀಗ ಸವೆದಿದೆ. ಬಿಡಿ ಸಾಮಾನು ಸಿಗುವುದಿಲ್ಲ. ತಾನು ಹೊಸ ತುಂಡನ್ನು ಅರದಿಂದ ತಿಕ್ಕಿ ಮಾಡಿ ಕೂರಿಸಬಲ್ಲೆ, ಸೋಮವಾರದೊಳಗೆ ಆಗುತ್ತದೆ. ಆದರೆ ಅದು ಕಾರಖಾನೆಯ ಭಾಗವಲ್ಲ, ಕೈಯಲ್ಲಿ ಮಾಡಿದ್ದು. ಮುಂದೆ ಸಿದರಾಯ ಮಾರಿದರೆ ಅವನೂ ಅದನ್ನು ಹೇಳಿಯೇ ಮಾರಬೇಕು. ಆಮೇಲೆ ಒಳ್ಳೆಯದು: ನಳಿಗೆ ಹೊಸದರಂತಿದೆ, ಕಟ್ಟಿಗೆ ಗಟ್ಟಿ, ತಿರುಪುಗಳನ್ನು ಬೇರೆ ಕೈ ಮುಟ್ಟಿಲ್ಲ.

"ಈ ಖೋಡಿ ಇಲ್ಲದಿದ್ರ ಮೂರ ಸಾವಿರದ ಮ್ಯಾಲ ಹೇಳ್ತಿದ್ದೆ. ಈಗ ಎರಡ ಸಾವಿರದ ಏಳನೂರು."

ಸಿದರಾಯ ಸುಮ್ಮನಿರುವ ಆಸಾಮಿಯಲ್ಲ. "ಖೋಡಿ ಐತಿ ಅಂತ ನೀವ ಹೇಳಿದ್ರಿ ಚಾಚಾ. ಇನ್ನೊಂದ ಎರಡನೂರ ಇಳಸ್ರೆಲಾ."

"ಖೋಡಿ ಕಡದ ಹೇಳೀನೋ. ಒಂದ ಖೋಡಿಗೆ ಎರಡ ಸಲ ಕಡ್ಯಾಕ ಬರೂದಿಲ್ಲ."

ಮೂಲೆಯಲ್ಲಿ ಚರಕ ನಿಂತಿದೆ. ಸುಂದರಾಬಾಯಿ ಬಂದೂಕಿನ ಮೇಲೆ ಕೈಯಿಡುತ್ತಾರೆ. ಆಮೇಲೆ ಕೇಳುತ್ತಾರೆ.

"ಅಣ್ಣಾ, ಆ ಸಪ್ಪಳ ನಮಗ ಯಾರಿಗೂ ಕೇಳಿರಲಿಲ್ಲ."

"ನನಗ ಕೇಳಿತಲ್ಲ ವೈನಿ."

"ಅವರಿದ್ದಿದ್ರೂ ನೀವ ಇಷ್ಟ ಹೇಳ್ತಿದ್ರೇನು?"

"ಅವರ ಮುಂದ ಆಗಿದ್ರ ಇನ್ನಾ ಜೋರಲೇ ಹೇಳ್ತಿದ್ದೆ. ಅವರಿಗೂ ಕಿವಿ ಮಂದ ಇತ್ತು."

ಸುಂದರಾಬಾಯಿಗೆ ನಗು ಬರುತ್ತದೆ, ಅದರ ಜೊತೆಗೇ ಕಣ್ಣಲ್ಲಿ ನೀರೂ ಬರುತ್ತದೆ. ಎರಡನ್ನೂ ಸೆರಗಿನಿಂದ ಒರೆಸಿಕೊಂಡು, "ಆತು. ಹಂಚ ಬ್ಯಾಡ, ತಗಡ ಹೊದಿಸೂಣು," ಎನ್ನುತ್ತಾರೆ. ಯಾವ ತಗಡು, ಎಲ್ಲಿಯದು ಎಂದು ಸಿದರಾಯ ಕೇಳುತ್ತಾನೆ. ಶಾಹಜಾನಬಿ ಚಹಾ ಕೊಡುತ್ತ ಅರವಟ್ಟಿಗೆಯ ಕತೆ ಹೇಳುತ್ತಾರೆ. ಅವನು ಬಸಿಯಲ್ಲಿ ಚಹಾ ಆರಿಸುತ್ತ ಕೇಳುತ್ತಾನೆ. ಎರಡು ನೂರು ಇಳಿಸುವ ಮಾತು ಮತ್ತೆ ತೆಗೆಯುವುದಿಲ್ಲ.

"ನಮ್ಮ ಗಾಡಿ ದೇಸೂರದಾಗ ನಿಂದ್ರತೈತ್ರಿ ಬಾಯಾರ," ಎನ್ನುತ್ತಾನೆ ಕೊನೆಗೆ. "ಗೌಂಡಿಗೆ ಮಂದಿ ಬೇಕಾದ್ರ ಹೇಳಿ ಕಳಸ್ರಿ. ಸುಗ್ಗಿ ಮುಗದ ಮ್ಯಾಲ ಎರಡ ದಿವಸ ಕಲ್ಲ ಹೊರಾಕ ಬರ್ತೀನಿ."

ಅವರಿಬ್ಬರೂ ಹೊರಟ ಮೇಲೆ ಇಮಾಮಹುಸೇನರು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಮನಸ್ಸಿಗೆ ನೋವಾಗಿದೆ ಎಂದು ಮುಚ್ಚಿಡುವುದಿಲ್ಲ. ವೈನಿಯ ಮುಖ ಇಳಿದಾಗ ನಾಲಗೆ ಕಚ್ಚಿಕೊಳ್ಳುವ ಹಾಗಾಯಿತು ಎನ್ನುತ್ತಾರೆ. ಆದರೂ ಅವರ ದನಿಯಲ್ಲಿ ಒಂದು ನಿರಾಳವಿದೆ. ಬೀಗದ ತುಂಡನ್ನು ಬಿಚ್ಚಿ ಬೆಳಕಿಗೆ ಹಿಡಿದು, ಅದಕ್ಕೆ ಸರಿಹೋಗುವ ಉಕ್ಕಿಗಾಗಿ ಡಬ್ಬಿ ತಡಕುತ್ತಾರೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ, ಡಬ್ಬಿಯೊಳಗೆ ಕೈ ಬಿಟ್ಟುಕೊಂಡೇ ಯೋಚಿಸುತ್ತಾರೆ.

"ನಾ ಹೋದಮ್ಯಾಲ ಈ ಅರ, ಇಕ್ಕಳ, ಸಾಣಿ ಎಲ್ಲಾ ಇಕಿ ಮಾರಬೇಕಾಗತೈತಿ. ಆಗ ಯಾರರೆ ಒಬ್ಬಾಂವ ಬಂದ ಕಿಮ್ಮತ್ತ ಹೇಳ್ತಾನಲ್ಲ, ಅಂವ ಇಕಿನ್ನ ಎದರಿಗೆ ಕುಂದರಿಸಿ, ಇದ್ದ ಖೋಡಿ ಇದ್ದಂಗ ಹೇಳ್ಲಿ. ಗಂಡ ಸತ್ತಾಕಿ ಅಂತ ಕರುಣಾ ಮಾಡಿ ಒಂದ ರೂಪಾಯಿ ಜಾಸ್ತಿ ಹೇಳಬಾರ್ದು, ಒಂದ ರೂಪಾಯಿ ಕಡಿಮಿ ಹೇಳಬಾರ್ದು. ಅಷ್ಟ ಆದ್ರ ಸಾಕ್ರಿ."

ಚರಕ ಮತ್ತೆ ತಿರುಗಲಾರಂಭಿಸಿದೆ. ಶಾಹಜಾನಬಿ ಎಳೆಯಿಂದ ಕಣ್ಣು ತೆಗೆಯುವುದಿಲ್ಲ.

"ಅಂಥಾಂವ ಈ ಊರಾಗ ಒಬ್ಬನ ಇದ್ದಾನ," ಎನ್ನುತ್ತಾರೆ. "ಅದಕ್ಕ ನಾನ ಮೊದಲ ಹೋಗಾಕಿ."